ಸಿಂಹವೆಂದರು, ಕಂಡದ್ದು ಕುರಿಮರಿ

ಸೆಪ್ಟೆಂಬರ್ 8, ಆರೋಗ್ಯ ಮಾತೆಯ ಹಬ್ಬ. ದಾವಣಗೆರೆ ಬಿಟ್ಟ ಬಸ್ಸು ಹರಿಹರದ ದಾರಿಯಲ್ಲಿ ಗಕ್ಕನೆ ನಿಲ್ಲುತ್ತದೆ. ಎದುರಿಗೆ ಕುರಿಹಿಂಡು. ಕಂಬಳಿ ಹೊದ್ದ ಕುರಿಗಾಹಿಯ ಕಂಕುಳಲ್ಲಿ ಇನ್ನೂ ನಡೆಯಲಾರದ ಎಳೆಮರಿ. ಕಿಟಕಿಯಿಂದ ಅದನ್ನು ಸರಿಯಾಗಿ ನೋಡಿಕೊಳ್ಳಿ. ಇನ್ನು ಸ್ವಲ್ಪ ಹೊತ್ತಿಗೆ ಜನ ಅದರ ಹೆಸರಿಟ್ಟು ದೇವರನ್ನು ಕರೆಯುತ್ತಾರೆ.

ಊರು ತಲುಪಿದ ಮೇಲೆ ಮೊದಲು ಹರಿಹರೇಶ್ವರನ ಗುಡಿ ಹೊಕ್ಕು ಬನ್ನಿ. 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಒಂದೇ ಮೈಯಲ್ಲಿ ಹರ, ಹರಿ. ಹರನನ್ನು ನಂದಿ ಹೊರುತ್ತದೆ, ಹರಿಯನ್ನು ಗರುಡ. ನರಸಿಂಹಾವತಾರದಲ್ಲಂತೂ ದೇವರೇ ಸಿಂಹಮುಖ ತಳೆದು ಭಕ್ತನ ವೈರಿಯನ್ನು ಸೀಳುತ್ತಾನೆ. ಪ್ರಾಣಿಯಲ್ಲಿ ದೇವರನ್ನು ಕಾಣುವುದು ಈ ನೆಲಕ್ಕೆ ಹಳೆಯ ಮಾತು.

ಅಲ್ಲಿಂದ ಆರೋಗ್ಯ ಮಾತೆಯ ಬೆಸಿಲಿಕಕ್ಕೆ. ಒಳಗೆ ನಿಲ್ಲಲು ಜಾಗವಿಲ್ಲ. ಮೇಣದ ವಾಸನೆ, ಒದ್ದೆ ಕೊಡೆಗಳು, ಹರಕೆ ಹೊತ್ತು ಬಂದ ಎಲ್ಲ ಜಾತಿಯ ಜನ. ಬಲಿಪೂಜೆ ಮುಗಿಯುತ್ತ ಬಂದಿದೆ. ಗುರುಗಳು ರೊಟ್ಟಿ ಮುರಿದು ಅದರ ಚೂರೊಂದನ್ನು ದ್ರಾಕ್ಷಾರಸದ ಪಾತ್ರೆಗೆ ಹಾಕುವಾಗ ಹಾಡು ಏಳುತ್ತದೆ. ದೇವರ ಕುರಿಮರಿಗೆ ಮೂರು ಸಲ ಮೊರೆ: ಎರಡು ಸಲ ದಯೆಗಾಗಿ, ಮೂರನೆಯ ಸಲ ಶಾಂತಿಗಾಗಿ.

ಈ ಹಾಡಿನ ಹಿಂದೊಂದು ಹಠವಿದೆ. ಕ್ರಿಸ್ತನನ್ನು ಇನ್ನು ಕುರಿಮರಿಯಾಗಿ ಚಿತ್ರಿಸಕೂಡದು, ಮನುಷ್ಯರೂಪದಲ್ಲೇ ಬರೆಯಬೇಕು ಎಂದು 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭೆ ಕಟ್ಟಳೆ ಮಾಡಿತು. ರೋಮಿನ ಪೋಪ್ ಒಂದನೇ ಸೆರ್ಜಿಯಸ್ ಆ ಸಭೆಯ ಕಟ್ಟಳೆಗಳಿಗೆ ಸಹಿ ಹಾಕಲಿಲ್ಲ. ರೊಟ್ಟಿ ಮುರಿಯುವಾಗ ಗುರುಗಳೂ ಜನರೂ ಕೂಡಿ ಕುರಿಮರಿಯನ್ನು ಹಾಡಬೇಕೆಂದು ವಿಧಿಸಿದವರೂ ಅವರೇ. ಸೆರ್ಜಿಯಸ್ ಮಾಡಿದ್ದು ಸರಿ ಎಂದೇ ನನ್ನ ನಂಬಿಕೆ. ಮನುಷ್ಯರೂಪಕ್ಕೆ ಕಿರೀಟ ತೊಡಿಸಿ ಸಿಂಹಾಸನದ ಮೇಲೆ ಕೂರಿಸಿದರೆ ಅವನೂ ಒಬ್ಬ ಅರಸನಾಗಿಬಿಡುತ್ತಾನೆ. ಕುರಿಮರಿ ಎಂದಾಗ ಕತ್ತಿ ಮರೆಯಲಾಗದು. ಜಾತ್ರೆಯಲ್ಲಿ ದೇವತೆಗೆ ಕುರಿ ಕಡಿಯುವುದನ್ನು ಕಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇಲ್ಲಿ ಕತ್ತಿಗೆ ಕೊರಳೊಡ್ಡಿದವನು ದೇವರೇ.

ಬೈಬಲಿನ ಪ್ರಕಟನಾ ಗ್ರಂಥದ 5ನೇ ಅಧ್ಯಾಯದಲ್ಲಿ, ದೇವರ ಕೈಯಲ್ಲಿರುವ ಸುರುಳಿಯ ಮುದ್ರೆ ಒಡೆದು ಬಿಚ್ಚುವವರು ಯಾರೂ ಇಲ್ಲವೆಂದು, ದರ್ಶನ ಕಾಣುತ್ತಿರುವ ಯೊವಾನ್ನ ಅಳುತ್ತಾನೆ. ಅಳಬೇಡ, ಯೂದ ಕುಲದ ಸಿಂಹ ಗೆದ್ದಿದೆ ಎಂದು ಹಿರಿಯನೊಬ್ಬ ಸಮಾಧಾನ ಹೇಳುತ್ತಾನೆ. ಯೊವಾನ್ನ ನೋಡುತ್ತಾನೆ. ನಿಂತಿರುವುದು ಕುರಿಮರಿ, ಕೊಯ್ದ ಗುರುತು ಹೊತ್ತು. ಸುರುಳಿಯನ್ನು ಕೈಗೆತ್ತಿಕೊಳ್ಳುವುದೂ ಅದೇ.

ನಿಮ್ಮ ಪಕ್ಕದ ಅಜ್ಜಿ ಸೆರಗು ಸರಿಮಾಡಿಕೊಂಡು ಪರಮಪ್ರಸಾದದ ಸಾಲಿಗೆ ಹೊರಟಿದ್ದಾರೆ. ಈಜಿಪ್ಟಿನ ದಾಸ್ಯದ ಕೊನೆಯ ರಾತ್ರಿ ಇಸ್ರಯೇಲರು ಮರಿಯ ರಕ್ತವನ್ನು ಬಾಗಿಲ ನಿಲುವಿಗೆ ಬಳಿದು, ನಡುಕಟ್ಟಿ, ಕೋಲು ಹಿಡಿದು, ಅದರ ಮಾಂಸವನ್ನು ಅವಸರದಲ್ಲಿ ತಿಂದು ಬಿಡುಗಡೆಗೆ ಹೊರಟವರು. ಅಜ್ಜಿ ಉಣ್ಣಹೊರಟಿರುವುದು ಅದೇ ಊಟ.