ಮಡುವಿನ ಅಸಲು

ಶಿವರಾತ್ರಿ ಮುಗಿದು ಯುಗಾದಿ ಹತ್ತಿರ ಬಂತೆಂದರೆ ನನ್ನ ಮನಸ್ಸು ಈಗಲೂ ರೋಣ ತಾಲ್ಲೂಕಿನ ಹೊಳೆಆಲೂರಿಗೆ ಓಡುತ್ತದೆ. ಅಲ್ಲಿ ಹೊಳೆ ಎಂದರೆ ಮಲಪ್ರಭೆ. ನಾನು ಹುಡುಗನಾಗಿದ್ದ 1960ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಇನ್ನೂ ಮುಗಿದಿರಲಿಲ್ಲ. ಬಿಸಿಲು ಏರಿದಂತೆ ಹರಿವು ನಿಂತು, ಅಲ್ಲಲ್ಲಿ ಮಡುಗಳು ಮಾತ್ರ ಉಳಿಯುತ್ತಿದ್ದವು. ಉಳಿದ ಮೀನೆಲ್ಲ ಅಲ್ಲಿಯೇ.

ಗಾಳ ಹಾಕುವುದನ್ನು ನನಗೆ ಕಲಿಸಿದವರು ನಮ್ಮ ಓಣಿಯ ಕಾಕಾ ಒಬ್ಬರು. ಬಿದಿರಿನ ಕೋಲು, ದಾರ, ಗಾಳ, ಜೋಳದ ದಂಟಿನ ಬೆಂಡು, ಎರೆಹುಳು ಇಷ್ಟೇ ಸಾಮಾನು. ಚಳಿ ಪೂರ್ತಿ ಬಿಟ್ಟಿರದ ದಿನಗಳಲ್ಲಿ ಬಿಸಿಲೇರಿದ ಮೇಲೆ ಹೋಗಬೇಕು. ದಂಡೆಯಂಚಿನ ಆಳವಿಲ್ಲದ ನೀರು ಮೊದಲು ಬೆಚ್ಚಗಾಗುತ್ತದೆ, ಮೀನು ಅಲ್ಲಿಗೆ ಬರುತ್ತದೆ. ಯುಗಾದಿ ಹೊತ್ತಿಗೆ ಲೆಕ್ಕ ತಿರುವುಮುರುವು. ಆಗ ನಸುಕು, ಇಲ್ಲವೇ ಸಂಜೆ. ಮಧ್ಯಾಹ್ನ ಮೀನು ಬಂಡೆಯ ನೆರಳಿಗೋ ಆಳಕ್ಕೋ ಇಳಿದಿರುತ್ತದೆ. ನಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಬೆಂಡು ಅಲುಗಿದಾಗಲ್ಲ, ಮುಳುಗಿದಾಗ ಎಳೆಯಬೇಕು.

ಎರಡು ಮೂರು ಮೀನು ಸಿಕ್ಕೊಡನೆ ಕಾಕಾ ಎದ್ದುಬಿಡುತ್ತಿದ್ದರು.

“ಇನ್ನೂ ಭಾಳ ಅದಾವಲ್ರೀ ಕಾಕಾ?”

“ತಮ್ಮಾ, ಬ್ಯಾಸಗಿ ಮಡುವಿನ ಮೀನ ಅಂದ್ರ ಬಿತ್ತೂ ಜ್ವಾಳ ಇದ್ದಂಗ. ಮಳಿಯಾಗಿ ಹೊಳಿ ಬಂದಾಗ ತತ್ತಿ ಇಡೂವು ಇವ.”

ಒಂದು ವರ್ಷ ಆ ಮಾತು ಮೀರಿದೆ. ಕಾಕಾ ನನಗೆ ತೋರಿಸಿದ್ದ ಮಡುವನ್ನು ಗೆಳೆಯರಿಗೆ ತೋರಿಸಿದೆ. ಮೊಣಕಾಲುದ್ದ ನೀರಿತ್ತು. ಕೊಡಗಳಿಂದ ನೀರು ಹೊರಚೆಲ್ಲಿ, ಕೆಸರಿನಲ್ಲಿ ಒದ್ದಾಡುತ್ತಿದ್ದ ಮೀನನ್ನೆಲ್ಲ ಬುಟ್ಟಿಗೆ ತುಂಬಿದೆವು. ಅರ್ಧದಷ್ಟು ಬಿಸಿಲಿಗೆ ಕೆಟ್ಟು ತಿಪ್ಪೆ ಸೇರಿತು. ಕಾಕಾ ಬೈಯಲಿಲ್ಲ. ಒಣಗಿದ ಮಡು ನೋಡಿ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂತರು. ಮರುವರ್ಷ ಕೋಲು ಹಿಡಿದು ಹೊರಟಾಗ ನನ್ನನ್ನು ಕರೆಯಲಿಲ್ಲ.

ಮುಂದೆ ನರಗುಂದ, ಗಜೇಂದ್ರಗಡದ ಬ್ಯಾಂಕ್ ಶಾಖೆಗಳಲ್ಲಿ ಕೂತು, “ಬಡ್ಡಿ ಅಷ್ಟ ತಗೋರಿ, ಅಸಲು ಇರಲಿ” ಎಂದು ಎಷ್ಟು ಜನರಿಗೆ ಹೇಳಿದೆನೋ! ಹೇಳಿದಾಗಲೆಲ್ಲ ಆ ಮಡು ಕಣ್ಮುಂದೆ ಬರುತ್ತಿತ್ತು.

ಮಕ್ಕಳೇ, ಈಗ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಒಮ್ಮೆಲೇ ಏರಬಹುದು. ಕೊಣ್ಣೂರಿನಲ್ಲಾಗಲಿ ಹೊಳೆಆಲೂರಿನಲ್ಲಾಗಲಿ ದೊಡ್ಡವರಿಲ್ಲದೆ ದಂಡೆಗೆ ಹೋಗಬೇಡಿ. ಊರ ಕೆರೆಯ ಮೀನು ಗುತ್ತಿಗೆ ಹೋಗಿದ್ದರೆ, ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕಿ.

ಹೋದ ಬೇಸಿಗೆಯಲ್ಲಿ ಮೊಮ್ಮಗನನ್ನು ಕರೆದೊಯ್ದಿದ್ದೆ. ಮೂರನೆಯ ಮೀನು ಸಿಕ್ಕಾಗ ಅವನೇ ದಾರ ಸುತ್ತತೊಡಗಿದ. “ಸಾಕೇನಜ್ಜಾ?” ಎಂದ. ಉತ್ತರ ಕೊಡಲು ನನಗೆ ತುಸು ಹೊತ್ತು ಬೇಕಾಯಿತು.