ಹನ್ನೆರಡು ಗುಂಡಿಗಳು

ಅಮ್ಮನ ಹೆಬ್ಬೆರಳು ಮೊದಲು ಹುಡುಕುವುದು ಐದನ್ನು. ಕೀಪ್ಯಾಡಿನ ನಟ್ಟನಡುವೆ ಇರುವ ಆ ಗುಂಡಿಯ ಮೇಲೆ ಸಾಸಿವೆ ಕಾಳಿಗಿಂತ ಸಣ್ಣದೊಂದು ಉಬ್ಬು ಇದೆ. ಕಣ್ಣಿನ ಪೊರೆ ತೆಗೆಸುವ ಮೊದಲು, ಅಂಕಿಗಳೆಲ್ಲ ಮಬ್ಬಾಗಿದ್ದ ಕಾಲದಲ್ಲಿ, ಆ ಉಬ್ಬನ್ನು ಹಿಡಿದೇ ಅವಳು ಮಿಕ್ಕ ಗುಂಡಿಗಳಿಗೆ ದಾರಿ ಮಾಡಿಕೊಂಡಳು. ಐದರಿಂದ ಮೇಲಕ್ಕೆ ಸರಿದರೆ ಎರಡು. ಒತ್ತಿ ಹಿಡಿದರೆ ಅಣ್ಣ. ಎಡಕ್ಕೆ ನಾಲ್ಕು, ನಾನು. ಬಲಕ್ಕೆ ಆರು, ಮೈಸೂರಿನ ಚಿಕ್ಕಮ್ಮ. ಕೆಳಗೆ ಎಂಟು, ಡಾಕ್ಟರ ಕ್ಲಿನಿಕ್ಕು. ಪೊರೆ ತೆಗೆಸಿದ ಮೇಲೆ ಅಂಕಿಗಳು ಚೆನ್ನಾಗಿಯೇ ಕಾಣುತ್ತವೆ. ಆದರೂ ಅವಳು ಫೋನಿನ ಕಡೆ ನೋಡುವುದಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು, ಒಂದು ಕಣ್ಣು ಎಮ್ಮೆಯ ಮೇಲಿಟ್ಟು, ಸೆರಗಿನ ಮರೆಯಲ್ಲೇ ಗುಂಡಿ ಒತ್ತಿ, "ಏನ್ ಮಾಡ್ತಿದೀಯೇ? ಊಟ ಆಯ್ತಾ?" ಎನ್ನುತ್ತಾಳೆ.

ಕಣ್ಣು ಕಾಣದವರ ಬೆರಳಿಗೂ ಸಿಗಲಿ ಎಂದೇ ಇಟ್ಟ ಉಬ್ಬು ಅದು. ಲ್ಯಾಂಡ್‌ಲೈನ್ ಫೋನಿನಲ್ಲೂ ಇತ್ತು, ಎಟಿಎಂ ಯಂತ್ರದಲ್ಲೂ ಇದೆ. ಗಾಜಿನ ಪರದೆಯ ಮೇಲೆ ಬೆರಳಿಗೆ ಇಂಥ ಗುರುತು ಯಾವುದೂ ಸಿಗದು. ಅಲ್ಲಿ ಕಣ್ಣೇ ಕೆಲಸ ಮಾಡಬೇಕು.

ಅಮ್ಮ ಇರುವುದು ಚನ್ನಗಿರಿ ತಾಲ್ಲೂಕಿನ ನಮ್ಮೂರಿನಲ್ಲಿ, ಅಣ್ಣನ ಜೊತೆ. ನಾನು ಶಿವಮೊಗ್ಗದಲ್ಲಿದ್ದೇನೆ, ನನ್ನ ಕೈಯಲ್ಲಿರುವುದೂ ಗುಂಡಿ ಫೋನೇ. ಕೆಲಸಕ್ಕೆ ಕಂಪ್ಯೂಟರ್ ಇದೆ, ಚೀಲದಲ್ಲಿರುವ ಫೋನು ಮಾತಿಗೆ ಮಾತ್ರ ಇರಲಿ ಎಂದು ನಾನೇ ಆರಿಸಿಕೊಂಡದ್ದು. ಕರೆ ಬಂದರೆ ಎತ್ತುತ್ತೇನೆ, ಮಾತು ಮುಗಿದರೆ ಇಡುತ್ತೇನೆ. ಚಾರ್ಜಿಗೆ ಹಾಕುವುದು ವಾರದಲ್ಲಿ ಒಂದೆರಡು ಸಲ. ಸಂಜೆ ಪುಸ್ತಕ ತೆರೆದು ಕೂತರೆ ಆ ಸಂಜೆಯನ್ನು ನಡುವೆ ಬಂದು ಯಾರೂ ಕೇಳುವುದಿಲ್ಲ. "ಇನ್ನೂ ಡಬ್ಬಾ ಫೋನೇನ್ರೀ?" ಎನ್ನುವವರು ನಾನೇನೋ ವ್ರತ ಹಿಡಿದಿದ್ದೇನೆಂದು ತಿಳಿಯುತ್ತಾರೆ. ವ್ರತವಲ್ಲ, ನನಗೆ ಇದು ಇಷ್ಟ.

ನಮ್ಮ ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತದಿಂದ ದೆಹಲಿಗೆ. ಕಲ್ಕತ್ತದ ತುದಿಯಲ್ಲಿ ಆ ರಾಜ್ಯದ ಮುಖ್ಯಮಂತ್ರಿ ಜ್ಯೋತಿ ಬಸು, ದೆಹಲಿಯ ತುದಿಯಲ್ಲಿ ಕೇಂದ್ರ ಸಂಪರ್ಕ ಸಚಿವ ಸುಖರಾಮ್. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು, ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತಿತ್ತು. ನಮ್ಮಂಥವರ ಮನೆಗೆ ಫೋನು ಕಾಲಿಟ್ಟದ್ದು ಒಳಬರುವ ಕರೆ ಪುಕ್ಕಟೆಯಾದ ಮೇಲೆ, ಅಂದರೆ 2003ರ ನಂತರ. ಅದೇ ವರ್ಷ ನೋಕಿಯಾ 1100 ಬಂತು. ದೂಳು ಒಳಗೆ ಹೋಗದಂತೆ ಇಡೀ ಕೀಪ್ಯಾಡಿಗೆ ಒಂದೇ ಹೊದಿಕೆ, ಬೆವರಿದ ಕೈಯಿಂದ ಜಾರದಂತೆ ಒರಟು ಅಂಚು, ನೆತ್ತಿಯಲ್ಲಿ ಪುಟ್ಟ ಟಾರ್ಚು. ಅದನ್ನು ರೂಪಿಸಿದವರು ದೂಳಿನ ರಸ್ತೆ, ಸೆಖೆ, ಕರೆಂಟು ಹೋಗುವ ಊರು ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಕೂತಿದ್ದರು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಆ ಫೋನು ನಮ್ಮ ಮನೆಯ ಅಟ್ಟದಲ್ಲಿ ಈಗಲೂ ಇದೆ, ಬ್ಯಾಟರಿ ಹಾಕಿದರೆ ಹೊತ್ತಿಕೊಳ್ಳುತ್ತದೆ.

ಕರೆ ದರ ಇಳಿದ ಮೇಲೂ ಮಿಸ್ಡ್ ಕಾಲಿನ ರೂಢಿ ನಮ್ಮನ್ನು ಬಿಡಲಿಲ್ಲ. ಒಂದು ರಿಂಗಾಗಿ ನಿಂತರೆ ಬಸ್ಸು ಹತ್ತಿದೆ ಅಂತ. ಎರಡಾದರೆ ಊರು ತಲುಪಿದೆ ಅಂತ. ಮೇಲಿಂದ ಮೇಲೆ ಬಂದರೆ ಇದ್ದ ಕೆಲಸ ಬಿಟ್ಟು ತಿರುಗಿ ಮಾಡಬೇಕು. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಅಪ್ಪ ಒಂದು ರಿಂಗು ಬರುವ ತನಕ ಜಗಲಿಯಿಂದ ಏಳುತ್ತಿರಲಿಲ್ಲವಂತೆ. ಈಗ ಬೇಕಾದಷ್ಟು ಮಾತಾಡಬಹುದಾದ ಪ್ಯಾಕು ಇದ್ದರೂ, ಬಸ್ಸು ಹೊನ್ನಾಳಿ ಬಿಟ್ಟಿತೆಂದು ನಾನು ತಿಳಿಸುವುದು ಒಂದು ರಿಂಗಿನಲ್ಲೇ.

ಈ ಫೋನಿನ ತಾಕತ್ತು ನೋಡಬೇಕೆಂದರೆ ಅಣ್ಣನ ತೋಟಕ್ಕೆ ಬರಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಕೊಡುವುದು ದಿನಕ್ಕೆ ಏಳು ಗಂಟೆ. ಅದೂ ಪಾಳಿಯ ಮೇಲೆ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಮೊದಲೆಲ್ಲ ರಾತ್ರಿ ಪಾಳಿಯೆಂದರೆ ಒಂದೂವರೆಗೋ ಎರಡಕ್ಕೋ ಎದ್ದು, ಬ್ಯಾಟರಿ ಹಿಡಿದು, ಅಡಿಕೆ ಸಾಲುಗಳ ನಡುವೆ ಒದ್ದೆ ಸೋಗೆ ತುಳಿಯುತ್ತ ಮೋಟರ್ ಮನೆಗೆ ಹೋಗಬೇಕಿತ್ತು. ಸೋಗೆಯ ಕೆಳಗೆ ಏನಿರುತ್ತದೆಂದು ಹೇಳಲು ಬರುವುದಿಲ್ಲ. ನಮ್ಮ ಕಡೆ ಹೀಗೆ ಹೋಗಿ ಹಾವು ಕಚ್ಚಿಸಿಕೊಂಡವರ ಕಥೆ ಪ್ರತಿ ಊರಿನಲ್ಲೂ ಇದೆ. ಅಣ್ಣ ಹೋದ ಮೇಲೆ ಅಮ್ಮ ಮತ್ತೆ ಮಲಗುತ್ತಿರಲಿಲ್ಲ. ಈಗ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆ ಕೂತಿದೆ, ಅದರೊಳಗೊಂದು ಸಿಮ್ಮು. ಮೊಬೈಲ್ ಸ್ಟಾರ್ಟರ್ ಎನ್ನುತ್ತಾರೆ. ಅಣ್ಣ ಹಾಸಿಗೆಯಲ್ಲೇ ಮಗ್ಗುಲಾಗಿ ಅದರ ನಂಬರಿಗೆ ಫೋನು ಮಾಡುತ್ತಾನೆ. ಅದು ತಾನೇ ಕರೆ ಎತ್ತಿಕೊಂಡು ಕರೆಂಟು ಇದೆಯೋ ಇಲ್ಲವೋ ಹೇಳುತ್ತದೆ. ಅಣ್ಣ ಒಂದು ಒತ್ತುತ್ತಾನೆ, ಮೋಟರ್ ಹೊರಳುತ್ತದೆ. ಕಿಟಕಿ ತೆರೆದಿದ್ದರೆ ತೊಟ್ಟಿಗೆ ನೀರು ಬೀಳುವ ಸದ್ದು ಮನೆಯವರೆಗೂ ಕೇಳುತ್ತದೆ.

ಆ ಪೆಟ್ಟಿಗೆಗೆ ಒಂದು ಯಾವುದು, ಎರಡು ಯಾವುದು ಎಂದು ತಿಳಿಯುವ ಬಗೆ ನನಗೆ ಬಹಳ ಹಿಡಿಸಿತು. ಕೀಪ್ಯಾಡಿನ ನಾಲ್ಕು ಅಡ್ಡ ಸಾಲಿಗೆ ನಾಲ್ಕು ಸ್ವರ, ಮೂರು ಉದ್ದ ಸಾಲಿಗೆ ಮೂರು ಸ್ವರ. ಗುಂಡಿ ಒತ್ತಿದಾಗ ಅದರ ಅಡ್ಡ ಸಾಲಿನದೊಂದು, ಉದ್ದ ಸಾಲಿನದೊಂದು, ಎರಡೂ ಒಟ್ಟಿಗೆ ನುಡಿಯುತ್ತವೆ. ಒಂದಕ್ಕೆ 697 ಮತ್ತು 1209 ಹರ್ಟ್ಸ್, ಐದಕ್ಕೆ 770 ಮತ್ತು 1336. ಹೀಗೆ ಏಳು ಸ್ವರದಲ್ಲಿ ಹನ್ನೆರಡು ಗುಂಡಿಗೂ ಹನ್ನೆರಡು ಬೇರೆ ಜೋಡಿ. ಮನುಷ್ಯನ ಬಾಯಿಂದ ಅಷ್ಟು ಚೊಕ್ಕವಾದ ಜೋಡಿ ಹೊರಡುವುದು ಅಪರೂಪ, ಹಾಗಾಗಿ ಮಾತಿನ ನಡುವೆಯೂ ಯಂತ್ರಕ್ಕೆ ಗೊಂದಲವಾಗುವುದಿಲ್ಲ. ಇಂಟರ್ನೆಟ್ಟು ಬೇಡ, ಆ್ಯಪು ಬೇಡ, ಪಾಸ್‌ವರ್ಡೂ ಬೇಡ. ಗ್ಯಾಸ್ ಬುಕ್ ಮಾಡಲು ಒಂದು ಒತ್ತಿ ಎನ್ನುವ ದನಿಯ ಹಿಂದಿರುವುದೂ ಇದೇ ಸ್ವರಗಳು. ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ ಕೀಪ್ಯಾಡ್ ಫೋನಿನವರಿಗಾಗಿ ಯುಪಿಐ 123ಪೇ ಶುರುಮಾಡಿತಲ್ಲ, ಅದರಲ್ಲಿ ಫೋನು ಮಾಡಿ ದುಡ್ಡು ಕಳಿಸುವ ದಾರಿಯೂ ಈ ಗುಂಡಿಗಳ ಮೇಲೆಯೇ ನಿಂತಿದೆ. ಅಂಥದೊಂದು ಸೌಲಭ್ಯ ಇದೆಯೆಂದು ನಮ್ಮೂರಿನಲ್ಲಿ ಯಾರಿಗೂ ಯಾರೂ ಹೇಳಿರಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವರ ಮುಂದೆ ಸ್ಕ್ಯಾನ್ ಮಾಡುವ ಬೋರ್ಡು ಬಂದು ಎಷ್ಟೋ ಕಾಲವಾಯಿತು, ಆದರೆ ಅವರಲ್ಲೇ ಕೆಲವರ ಕೈಯಲ್ಲಿ ಈಗಲೂ ಗುಂಡಿ ಫೋನಿದೆ. ಬೋರ್ಡಿಗೆ ಬಿದ್ದ ದುಡ್ಡು ಮಗನ ಫೋನಿಗೆ ತಿಳಿಯುತ್ತದೆ, ಸೊಪ್ಪು ಕೊಟ್ಟವಳಿಗೆ ತಿಳಿಯುವುದಿಲ್ಲ.

ನನಗೆ ನಿಜಕ್ಕೂ ಸಂಕಟವಾಗುವುದು ಸಂದೇಶಗಳ ವಿಷಯದಲ್ಲಿ.

ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಬರುವ ಹೊತ್ತಿಗೆ ಅಮ್ಮನ ಕಿವಿ ಫೋನಿನ ಮೇಲೆಯೇ ಇರುತ್ತದೆ. ಟಿಣ್ ಎಂದ ಕೂಡಲೇ ಕೈ ಒರೆಸಿಕೊಂಡು ಬರುತ್ತಾಳೆ. ಬಂದದ್ದು ಸರ್ಕಾರದ ದುಡ್ಡೋ, ಬ್ಯಾಂಕಿನವರು ಏನಾದರೂ ಹಿಡಿದುಕೊಂಡರೋ, ಸಾಲ ಬೇಕಾ ಎಂದು ಯಾರಾದರೂ ಕೇಳುತ್ತಿದ್ದಾರೋ, ಅವಳಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ. ಅಮ್ಮ ಕನ್ನಡವನ್ನು ಸರಾಗ ಓದುವವಳು. ಏಳನೇ ತರಗತಿವರೆಗೆ ಶಾಲೆಗೆ ಹೋದವಳು, ಪೇಪರು ಬಂದರೆ ಮೊದಲು ಹಿಡಿಯುವವಳು ಅವಳೇ. ಅಂಥವಳು ಆ ಪುಟ್ಟ ಪರದೆಯ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ ಇಳಿಯುತ್ತ, ಎರಡರ ಅಂಕಿ, ಅದರ ಮುಂದೆ ಮೂರು ಸೊನ್ನೆ ಎಲ್ಲಾದರೂ ಇವೆಯೇ ಎಂದು ಹುಡುಕುತ್ತಾಳೆ. ಸಿಕ್ಕಿದರೆ ದುಡ್ಡು ಬಂತು. ಸಿಗದಿದ್ದರೆ ಪಕ್ಕದ ಮನೆ ಹುಡುಗ ಶಾಲೆಯಿಂದ ಬರುವ ತನಕ ಕಾಯಬೇಕು. ಅವಳ ಖಾತೆ, ಅವಳ ದುಡ್ಡು, ಅವಳಿಗೇ ಬಂದ ಸಂದೇಶ. ಓದಿ ಹೇಳುವವನು ಎಂಟು ವರ್ಷದ ಹುಡುಗ.

ಹಳೆಯ ಫೋನುಗಳಲ್ಲಿ ಕನ್ನಡ ಬಂದರೆ ಬರೀ ಚೌಕಗಳ ಸಾಲು ಕಾಣುತ್ತಿತ್ತು, ನಿಜ. ಆ ಕಾಲ ಹೋಯಿತು. ದೇಶದಲ್ಲಿ ಮಾರುವ ಮೊಬೈಲುಗಳಲ್ಲಿ 22 ಭಾಷೆಗಳ ಸಂದೇಶವನ್ನೂ ಓದಲು ಬರಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಆದೇಶ ಹೊರಡಿಸಿದೆ. ಇನ್ನೊಂದು ತೊಡಕು ಜಾಗದ್ದು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಸುವುದು 140 ಬೈಟು. ಇಂಗ್ಲಿಷಿನಲ್ಲಾದರೆ 160 ಅಕ್ಷರ ಕೂರುತ್ತವೆ, ಕನ್ನಡ ಬಂದ ಕೂಡಲೇ ಅದು 70ಕ್ಕೆ ಇಳಿಯುತ್ತದೆ. ಅದರಲ್ಲೂ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಲೆಕ್ಕ. 'ಸ್ತ್ರೀ' ಎಂಬ ಒಂದೇ ಅಕ್ಷರ ಆರು ಜಾಗ ತಿನ್ನುತ್ತದೆ. ಹೀಗಾಗಿ ಕನ್ನಡದಲ್ಲಿ ಕಳಿಸಿದರೆ ಒಂದು ಸಂದೇಶದ ಕಡೆ ಎರಡರ ಖರ್ಚು. ಆದರೆ ಎಸ್ಸೆಮ್ಮೆಸ್ಸಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕನ್ನಡಕ್ಕೆಂದೇ ಪ್ರತ್ಯೇಕ ಅಕ್ಷರ ಕೋಷ್ಟಕ ಸೇರಿಸಿದ್ದಾರೆ, ಅದನ್ನು ಬಳಸಿದರೆ 150ಕ್ಕೂ ಮೇಲೆ ಹಿಡಿಸುತ್ತದೆ. ಅದೂ ಬೇಡ, ಎರಡರ ಖರ್ಚೇ ಬೀಳಲಿ. ಅಮ್ಮನಂಥವರ ಖಾತೆಯ ಸುದ್ದಿ ಅವರಿಗೆ ತಿಳಿಯಲು ಕೆಲವು ಪೈಸೆ ಹೆಚ್ಚು ಹೋದರೆ ಅದು ದುಬಾರಿ ಎಂದು ನನಗೆ ಅನ್ನಿಸುವುದಿಲ್ಲ.

ರೀಚಾರ್ಜಿನ ಮಾತು ಬೇಗ ಮುಗಿಸುತ್ತೇನೆ. ಹತ್ತು ರೂಪಾಯಿ ಹಾಕಿಸಿ ತಿಂಗಳುಗಟ್ಟಲೆ ದೂಡುತ್ತಿದ್ದ ಕಾಲ ಹೋಗಿ, ಬೇಡದ ಇಂಟರ್ನೆಟ್ಟನ್ನೂ ಕೊಂಡರೇ ಮಾತು ಎನ್ನುವ ಪ್ಯಾಕುಗಳು ಬಂದಿದ್ದವು. ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನೂ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಮನೆಯಲ್ಲಿ ಗುಂಡಿ ಫೋನು ಹಿಡಿದ ಹಿರಿಯರಿದ್ದರೆ ಒಮ್ಮೆ ಅವರ ಪ್ಯಾಕು ಯಾವುದೆಂದು ನೋಡಿ.

ಚಿಕ್ಕಮ್ಮನ ಹಳೆಯ ಫೋನು ಕೆಟ್ಟಿತೆಂದು ಹೋದ ತಿಂಗಳು ಮೈಸೂರಿನಲ್ಲಿ ಅವಳ ಜೊತೆ ಅಂಗಡಿಗೆ ಹೋಗಿದ್ದೆ. ಕೀಪ್ಯಾಡಿನದು ಕೊಡಿ ಎಂದಾಗ ಅಂಗಡಿಯ ಹುಡುಗ ಗಾಜಿನ ಕಪಾಟಿನ ಕೆಳಗಿನ ಅರೆಯಿಂದ ಮೂರು ನಾಲ್ಕು ತೆಗೆದಿಟ್ಟ. 4ಜಿ ಇರುವುದನ್ನೇ ಕೇಳಿದೆ, ಏಕೆಂದರೆ 2ಜಿ ಸೇವೆ ಎಲ್ಲ ಕಂಪನಿಗಳಲ್ಲಿ ಸಿಗುತ್ತದೆಂದೇನೂ ಇಲ್ಲ. ಬ್ಯಾಟರಿ ಕಳಚಿ ಬದಲಾಯಿಸಲು ಬರುವಂಥದ್ದು ಬೇಕೆಂದೆ. ಕಿವಿಗೆ ಹಿಡಿದು ಸದ್ದು ಸಾಲುತ್ತದೆಯೇ ನೋಡು ಎಂದು ಚಿಕ್ಕಮ್ಮನಿಗೆ ಹೇಳಿದೆ. ಕೊನೆಗೆ ಅವಳ ಸಿಮ್ಮು ಹಾಕಿಸಿ, ಅಂಗಡಿಯ ಹುಡುಗನ ಫೋನಿನಿಂದಲೇ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಕಳಿಸಲು ಹೇಳಿದೆ. 'ನಿಮ್ಮ ಖಾತೆಗೆ ಎರಡು ಸಾವಿರ ರೂಪಾಯಿ ಜಮಾ ಆಗಿದೆ' ಎಂದು ಅವನೇ ಬರೆದ. ಒತ್ತಕ್ಷರಗಳೆಲ್ಲ ಇದ್ದಲ್ಲೇ ಕೂತು ಬಂದವು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿ, ನನ್ನ ಮುಖ ನೋಡಿ, "ಇಷ್ಟು ಚೆಂದಾಗಿ ಬರೋದಾದ್ರೆ ಬ್ಯಾಂಕಿನೋರು ಯಾಕೆ ಹಿಂಗೆ ಕಳ್ಸಲ್ಲ?" ಎಂದಳು. ಅದನ್ನು ಅವರನ್ನೇ ಕೇಳು ಎಂದೆ. ಮಾರನೆಯ ದಿನ ಬ್ಯಾಂಕಿಗೆ ಹೋಗಿ, ಇನ್ನು ಮೇಲೆ ನನ್ನ ಸಂದೇಶ ಕನ್ನಡದಲ್ಲೇ ಬರಬೇಕೆಂದು ಅರ್ಜಿ ಬರೆದುಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬಂದಿದ್ದಾಳೆ.