ಎಳಿಯೂದು ಬ್ಯಾರೆ, ಹೊರೂದು ಬ್ಯಾರೆ

ಪನವೇಲಿಗೆ ನಾನು ಬಂದದ್ದು 1996ರಲ್ಲಿ, ಮೂರು ವರ್ಷದ ಪೋಸ್ಟಿಂಗ್ ಮೇಲೆ. ಮುಗಿದ ಕೂಡಲೇ ಬಿಜಾಪುರದ ಕಡೆ ವರ್ಗ ಕೇಳುವುದೆಂದು ಟ್ರಂಕುಗಳನ್ನು ಪೂರ್ತಿ ಬಿಚ್ಚಿರಲೇ ಇಲ್ಲ. ಈಗ ರಿಟೈರಾಗಿಯೂ ವರ್ಷಗಳಾದವು, ಇಲ್ಲೇ ಇದ್ದೇವೆ. ಟ್ರಂಕು ಮಾತ್ರ ಅಟ್ಟದ ಮೇಲಿವೆ.

1989ರಲ್ಲಿ ನ್ಹಾವಾ ಶೇವಾ ಬಂದರು ಶುರುವಾದ ಮೇಲೆ ಈ ಸೀಮೆಯಲ್ಲಿ ಕಂಟೇನರ್ ಟ್ರೇಲರುಗಳದ್ದೇ ರಾಜ್ಯ. ನಮ್ಮ ಬ್ರ್ಯಾಂಚಿನ ಸಾಲಗಾರರಲ್ಲೂ ಟ್ರೇಲರ್ ಮಾಲೀಕರೇ ಹೆಚ್ಚು. ಸಾಲ ಕೊಟ್ಟ ಗಾಡಿಯನ್ನು ಕಣ್ಣಾರೆ ನೋಡಿ ರಿಪೋರ್ಟ್ ಬರೆಯಬೇಕು. ಎಂ.ಕಾಂ. ಓದಿದವನಿಗೆ ಗಾಡಿಯ ಬಗ್ಗೆ ಏನು ಗೊತ್ತು? ಚಾಸಿಸ್ ನಂಬರ್ ತಾಳೆ ನೋಡಿ, ಸಹಿ ಹಾಕಿ ಬರುತ್ತಿದ್ದೆ. ಒಂದು ದಿನ ಕಳಂಬೋಲಿಯಲ್ಲಿ ಹಾಗೆ ಬಗ್ಗಿ ನಂಬರು ಓದುತ್ತಿದ್ದಾಗ, "ಸಾಹೇಬ್ರ, ಸರೀರಿ, ಅರಿವಿಗೆ ಗ್ರೀಸ್ ಹತ್ತತೈತಿ" ಎಂಬ ದನಿ ಕೇಳಿತು. ನಾನು ನಂಬರನ್ನು ಕನ್ನಡದಲ್ಲಿ ಗುನುಗುತ್ತಿದ್ದೆನಂತೆ! ಸಿಂದಗಿ ಕಡೆಯ ಡ್ರೈವರ್, ನನಗಿಂತ ಹತ್ತು ವರ್ಷ ದೊಡ್ಡವರು. ಅಂದಿನಿಂದ ಅವರನ್ನು ಕಾಕಾ ಎಂದೇ ಕರೆದೆ.

ಫಿಫ್ತ್ ವೀಲ್ ಎಂದರೇನೆಂದು ತೋರಿಸಿದವರು ಕಾಕಾ. ಅದು ಉರುಳುವ ಗಾಲಿಯಲ್ಲ. ಎಂಜಿನ್ ಗಾಡಿಯ ಬೆನ್ನ ಮೇಲೆ ಮಲಗಿಸಿದ, ಗ್ರೀಸ್ ಬಳಿದ ಕುದುರೆ ಲಾಳದಂಥ ತಟ್ಟೆ. ಟ್ರೇಲರಿನ ಕೆಳಗಿನ ಕಿಂಗ್ ಪಿನ್ ಅದರ ಬಾಯಿಗೆ ಬಂದು ಕೂತು, ದವಡೆ ಕಚ್ಚಿಕೊಂಡರೆ ಎರಡೂ ಒಂದು ಗಾಡಿ. "ಕಚ್ಚಿದ ಸಪ್ಪಳ ಕೇಳಿ ನಂಬಬ್ಯಾಡ್ರಿ, ಕಣ್ಣೀಲೆ ನೋಡ್ರಿ" ಎನ್ನುತ್ತಿದ್ದರು. ಟಾರ್ಚ್ ಹಾಕಿ ನೋಡಬೇಕು. ಟ್ರೇಲರಿನ ಕಾಲುಗಳು ನೆಲದ ಮೇಲಿರುವಾಗಲೇ ಅದರ ಬ್ರೇಕ್ ಹಿಡಿದು ಎಂಜಿನ್ನನ್ನು ಒಮ್ಮೆ ಮೆಲ್ಲಗೆ ಮುಂದಕ್ಕೆ ಜಗ್ಗಬೇಕು. ಆಮೇಲಷ್ಟೆ ಕಾಲೆತ್ತುವುದು. ಇನ್ನೊಂದು ಮಾತು: "ಎಂಜಿನ್ ಎಳಿತೈತಿ ಅಂತ ಹೇರಬಾರದ್ರಿ. ಎಳಿಯೂದು ಬ್ಯಾರೆ, ಹೊರೂದು ಬ್ಯಾರೆ. ಘಾಟ್‌ನ್ಯಾಗ ನಿಲ್ಸೂದು ಇನ್ನೂ ಬ್ಯಾರೆ."

ಮರುವರ್ಷ ನಮ್ಮ ಸಾಲದ ಇನ್ನೊಂದು ಗಾಡಿ, ಹೀಗೆ ನೋಡದೆ ಹೊರಟದ್ದು, ಯಾರ್ಡಿನ ಗೇಟಿನಲ್ಲೇ ಕಳಚಿಕೊಂಡಿತು. ಟ್ರೇಲರಿನ ಮೂತಿ ನೆಲಕ್ಕೆ ಬಡಿದು ಕ್ಲೀನರ್ ಹುಡುಗನ ಪಾದ ಹೋಯಿತು. ಹದಿನೈದು ದಿನ ಮುಂಚೆ 'ವಾಹನ ಸುಸ್ಥಿತಿಯಲ್ಲಿದೆ' ಎಂದು ಸಹಿ ಹಾಕಿದವನು ನಾನು. ದವಡೆ ಕಚ್ಚುತ್ತದೋ ಇಲ್ಲವೋ ಎಂಬುದಕ್ಕೆ ನಮ್ಮ ಫಾರ್ಮಿನಲ್ಲಿ ಕಾಲಂ ಇರಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಮನೆಯಲ್ಲಿ ಹೇಳಲಿಲ್ಲ.

2023ರ ಮಾರ್ಚಿನಲ್ಲಿ ಡೆನ್ವರಿನಲ್ಲಿರುವ ಮಗ ವಿಡಿಯೋ ಕಾಲ್ ಮಾಡಿ, "ಅಪ್ಪಾ, ಫಿಫ್ತ್ ವೀಲ್ ತಗೊಂಡೆ" ಅಂದ. ಎದೆ ಧಸಕ್ಕೆಂದಿತು. ಓದಿಸಿದ್ದೇನು, ಇವನು ಟ್ರೇಲರ್ ಧಂದೆಗೆ ಇಳಿದದ್ದೇನು! ನೋಡಿದರೆ ಅದು ಕ್ಯಾಂಪರ್. ಮಂಚ, ಒಲೆ, ಸಂಡಾಸು ಎಲ್ಲ ಇರುವ ಗಾಲಿ ಮೇಲಿನ ಫ್ಲ್ಯಾಟು. ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ, ಹಿಂದಿನ ಆಕ್ಸಲಿನ ನೇರಕ್ಕೆ, ಅದೇ ಲಾಳದ ಕೊಂಡಿ. ಕ್ಯಾಂಪರಿನ ಮೂತಿ ಅದರ ಮೇಲೆ ಕೂರುತ್ತದೆ.

"ಹದಿನಾರು ಸಾವಿರ ಪೌಂಡ್ ಎಳೀತದೆ ಅಂತ ಮಾರಿದವನೇ ಹೇಳಿದಾನೆ" ಎಂದ ಮಗ. ಎಳೀತದೆ ಸರಿ, ಹೊರುವುದೆಷ್ಟು? ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯ ಫೋಟೋ, ಮ್ಯಾನ್ಯುಯಲ್ ಎರಡನ್ನೂ ತರಿಸಿಕೊಂಡು ಎರಡು ರಾತ್ರಿ ಕೂತೆ. ಜನ, ಸಾಮಾನು ಸೇರಿ 1,082 ಕಿಲೋ, ಅಂದರೆ 2,386 ಪೌಂಡ್ ಮೀರಕೂಡದು ಎಂದಿತ್ತು ಚೀಟಿ. ನಮ್ಮ ಭಾಷೆಯಲ್ಲಿ ಇದೇ ಸ್ಯಾಂಕ್ಷನ್ ಲಿಮಿಟ್. ಕ್ಯಾಂಪರಿನ ಜಾಹೀರಾತಿನಲ್ಲಿದ್ದದ್ದು ಖಾಲಿ ಗಾಡಿಯ ತೂಕ. ಖಾಲಿ ಮನೆ ಕಟ್ಟಿಕೊಂಡು ಯಾರು ಪ್ರವಾಸ ಹೋಗುತ್ತಾರೆ? ಅರವತ್ತು ಗ್ಯಾಲನ್ ನೀರೇ ಐನೂರು ಪೌಂಡ್ ತೂಗುತ್ತದೆ. ಎಲ್ಲ ತುಂಬಿದರೆ 12,500 ಎಂದಿಟ್ಟುಕೊಂಡೆ. ಇಂಥ ಗಾಡಿಯ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಪಿನ್ನಿನ ಮೇಲೆ ಬರುತ್ತದೆ: 2,500. ಅಲ್ಲಿಗೇ ಲಿಮಿಟ್ ದಾಟಿತು! ಕೊಂಡಿಗೆ 150, ಗಂಡ ಹೆಂಡತಿ ಇಬ್ಬರು ಮಕ್ಕಳು 500. ಒಟ್ಟು 3,150. ಓವರ್‌ಡ್ರಾ 764 ಪೌಂಡ್. ಹಾಗಾದರೆ ಸ್ಪ್ರಿಂಗು, ಟೈರು, ಆಕ್ಸಲಿಗೆ ಮೀರಿದ ಭಾರ. ಚೀಟಿ ಬರೆದು ಕಳಿಸಿದೆ.

"ಅಪ್ಪಾ, ಇದು ನಿಮ್ಮ ಕಳಂಬೋಲಿ ಅಲ್ಲ" ಎಂದ. ಎರಡು ವಾರ ಫೋನಿಲ್ಲ. "ಅವನ ಖುಷಿಯೊಳಗ ಯಾಕ ಮಣ್ಣು ಹಾಕ್ತೀರಿ?" ಎಂದು ನನ್ನಾಕೆಯ ಬೈಗುಳ ಬೇರೆ. ನನಗಾದರೂ ಸುಮ್ಮನಿರಬಹುದಿತ್ತು. ಆದರೆ ಒಮ್ಮೆ ಸುಮ್ಮನೆ ಸಹಿ ಹಾಕಿದವನು ನೋಡಿ.

ಮೂರನೇ ವಾರ ಒಂದು ಫೋಟೋ ಬಂತು, ಮಾತಿಲ್ಲದೆ. ಎಲ್ಲ ತುಂಬಿಕೊಂಡು ವೇ ಬ್ರಿಜ್ ಮೇಲೆ ನಿಲ್ಲಿಸಿ ತೂಗಿಸಿದ್ದ. ಹಿಂದಿನ ಆಕ್ಸಲ್ ಲಿಮಿಟ್ ದಾಟಿತ್ತು. ತಿಂಗಳೊಳಗೆ ಆ ಟ್ರಕ್ ಕೊಟ್ಟು ಹಿಂದೆ ನಾಲ್ಕು ಗಾಲಿಯ ದೊಡ್ಡದನ್ನು ತಂದ. ಸಾಲ 72 ಕಂತು. ಆ ಕಂತು ನೆನೆದರೆ ನನಗೆ ಬೇರೆಯೇ ಚಿಂತೆ. ಅದನ್ನು ಮಾತ್ರ ಹೇಳಲಿಲ್ಲ.

2024ರ ಜುಲೈಯಲ್ಲಿ ನಾವೂ ಹೋದೆವು. ಹೊರಡುವ ಬೆಳಿಗ್ಗೆ ಮೊಮ್ಮಗಳು ಮೊಬೈಲಿನ ಬೆಳಕು ಹಿಡಿದಳು, ಮಗ ಬಗ್ಗಿ ದವಡೆ ನೋಡಿದ. ಟ್ರಕ್ಕಿನ ಜೋಡಣೆ ಕಳಚಿದರೆ ತಾನಾಗಿ ಬ್ರೇಕ್ ಹಿಡಿಸುವ ತಂತಿಯನ್ನೂ ಸಿಕ್ಕಿಸಿದ. ಕಾಲು ನೆಲದ ಮೇಲಿರಿಸಿ ಕ್ಯಾಂಪರಿನ ಬ್ರೇಕ್ ಹಿಡಿದು ಜಗ್ಗಿದ. ಅಲುಗಲಿಲ್ಲ. "ಸರಿ ಅದನ ಅಪ್ಪಾ?" ಎಂದ. ಆಗಲೇ ಅವನಿಗೆ ಆ ಕ್ಲೀನರ್ ಹುಡುಗನ ಪಾದದ ಮಾತು ಹೇಳಿದ್ದು. ಸ್ವಲ್ಪ ಹೊತ್ತು ನಿಂತ. ಹೋಗಿ ಟಾರ್ಚ್ ತಂದು ಇನ್ನೊಮ್ಮೆ ಬಗ್ಗಿ ನೋಡಿದ.

ಡೆನ್ವರಿನಿಂದ ಪಶ್ಚಿಮಕ್ಕೆ ಹೆದ್ದಾರಿ ಹನ್ನೊಂದು ಸಾವಿರ ಅಡಿ ಎತ್ತರದ ಐಸೆನ್‌ಹೋವರ್ ಸುರಂಗಕ್ಕೆ ಏರಿ, ಆಚೆ ನೂರಕ್ಕೆ ಏಳರ ಇಳಿಜಾರಿನಲ್ಲಿ ಇಳಿಯುತ್ತದೆ. ನಮ್ಮ ಬೋರ್ ಘಾಟ್ ನೆನಪಾಯಿತು. ಸುರಂಗ ದಾಟುವ ಮೊದಲೇ ಮಗ ವೇಗ ಇಳಿಸಿ ಗೇರ್ ಕೆಳಗೆ ತಂದ. ಬ್ರೇಕನ್ನು ಒಂದೇ ಸಮ ಒತ್ತಿ ಕಾಯಿಸದೆ ಎಂಜಿನ್ನಿನ ತಡೆಯಲ್ಲೇ ಇಳಿಸಿದ. ಪಕ್ಕದಲ್ಲಿ ಕಾರುಗಳು ಸರ್ರನೆ ಹೋದವು. ಅಲ್ಲಿ ಸ್ಟೀರಿಂಗ್ ಎಡಕ್ಕೆ. ಬಲಗಡೆ ನಾನು ಕೂತದ್ದು ನಮ್ಮೂರಿನಲ್ಲಿ ಡ್ರೈವರ್ ಕೂರುವ ಜಾಗ.

"ಅಪ್ಪಾ," ಎಂದ ಮಗ, ರಸ್ತೆಯಿಂದ ಕಣ್ಣು ತೆಗೆಯದೆ, "ಕಾಲು ಯಾಕ ಒತ್ತಲಿಕ್ಕತ್ತೀರಿ? ಆ ಕಡೆ ಬ್ರೇಕ್ ಇಲ್ಲ."